ಜೊಳ್ಳೋ, ಸುಕ್ಕಿದ ಕಾಳೋ? ಬಿಸಿಗೆ ಕೆಟ್ಟ ತೆನೆಯ ಬಗ್ಗೆ ಒಂದು ಪದವಿಚಾರಣೆ

ಮಾನ್ಯರೇ,

ತಾಪಮಾನದ ಏರಿಕೆಯಿಂದ ಆಹಾರಧಾನ್ಯಗಳ ಇಳುವರಿ ಕುಗ್ಗುವ ಬಗೆಯನ್ನು ವಿವರಿಸುವ ಮರಾಠಿ ಬರಹವೊಂದನ್ನು ಪುಣೆಯಲ್ಲಿರುವ ನಾವು ಕೆಲವರು ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿ ಪದೇಪದೇ ಬರುವ ‘ಪೋಚಟ್’ ಎಂಬ ಮಾತಿಗೆ ಕರಡಿನಲ್ಲಿ ಎಲ್ಲೆಡೆಯೂ ‘ಜೊಳ್ಳು’ ಎಂದು ಹಾಕಲಾಗಿದೆ. ಭತ್ತದ ಮಟ್ಟಿಗೆ ಇದಕ್ಕೆ ನನ್ನ ತಕರಾರಿಲ್ಲ; ಗೋಧಿಗೂ ಅದನ್ನೇ ಬಳಸಿರುವುದು ಸರಿಯಲ್ಲವೆಂದು ತೋರುತ್ತದೆ.

ಭತ್ತ ಹೂಬಿಡುವ ವೇಳೆಗೆ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಸತ್ವಗುಂದಿ, ಗರ್ಭ ಕಟ್ಟದೆ, ಹೊಟ್ಟು ಬರಿದಾಗಿಯೇ ಉಳಿಯುತ್ತದೆ. ಅಂಥ ತೆನೆ ಭಾರಕ್ಕೆ ಬಾಗದೆ ನೆಟ್ಟಗೆ ನಿಂತಿರುತ್ತದೆ. ಹಿಸುಕಿ ನೋಡಿದರೆ ಒಳಗೆ ಏನೂ ಇರುವುದಿಲ್ಲ. ತೂರುವಾಗ ಗಾಳಿಗೆ ಹಾರಿಹೋಗುವ ಇದು ಅಪ್ಪಟ ಜೊಳ್ಳು.

ಗೋಧಿಯ ಕಥೆ ಬೇರೆ. ಭಾರತದಲ್ಲಿ 1901ರಿಂದೀಚಿನ ದಾಖಲೆಗಳಲ್ಲೇ ಅತಿ ಬಿಸಿಯ ಮಾರ್ಚ್ ಎನಿಸಿದ 2022ರ ಮಾರ್ಚ್ ತಿಂಗಳಲ್ಲಿ ಪಂಜಾಬ್, ಹರಿಯಾಣಗಳ ಹೊಲಗಳಲ್ಲಿ ಕಾಳು ಕಟ್ಟಿಯಾಗಿತ್ತು. ಆದರೆ ಸೆಕೆಗೆ ಪೈರು ಅವಧಿಗೆ ಮುನ್ನವೇ ಮಾಗಿದ್ದರಿಂದ ಪಿಷ್ಟ ತುಂಬಿಕೊಳ್ಳಲು ಸಿಗಬೇಕಾದ ದಿನಗಳು ಮೊಟಕಾಗಿ ಕಾಳು ಸುಕ್ಕಿತು. ಇಳುವರಿ ಇಳಿದು, ಬೆಲೆಯೂ ಏರುತ್ತಿದ್ದಾಗ ಮೇ 13ರಂದು ಕೇಂದ್ರ ಸರ್ಕಾರ ಗೋಧಿಯ ರಫ್ತನ್ನೇ ನಿಷೇಧಿಸಿತು. ಈ ಕಾಳು ಎಣಿಕೆಗೆ ಸಿಗುತ್ತದೆ, ಕೊರತೆ ಗೊತ್ತಾಗುವುದು ತಕ್ಕಡಿಯಲ್ಲಿ. ಇದನ್ನೂ ಜೊಳ್ಳೆಂದರೆ, ಹಾನಿ ಹೂವಿನ ಹಂತದಲ್ಲಾಯಿತೋ ಕಾಳು ಬಲಿಯುವ ಹಂತದಲ್ಲಾಯಿತೋ ಎಂಬ ಭೇದವೇ ಅಳಿಸಿಹೋಗುತ್ತದೆ. ಬಿತ್ತನೆಯನ್ನು ಹಿಂದುಮುಂದು ಮಾಡಬೇಕೇ ಎಂದು ಯೋಚಿಸುವ ರೈತನಿಗೆ ಬೇಕಿರುವುದು ಆ ಭೇದವೇ.

ಸದ್ಯಕ್ಕೆ ‘ಸುಕ್ಕಿದ ಕಾಳು’ ಎಂದು ಬರೆದಿದ್ದೇನೆ. ‘ಬಡಕಲು ಕಾಳು’ ಎಂಬ ಸಲಹೆಯೂ ಬಂದಿದೆ, ಆದರೆ ಅದು ತಳಿಯ ಗುಣವೆಂಬಂತೆ ಕೇಳಿಸುತ್ತದೆ. ನಿಘಂಟಿಗಿಂತ ಹೊಲದ ಮಾತಿನ ಮೇಲೆ ನನಗೆ ಹೆಚ್ಚು ಭರವಸೆ. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಕಡೆ ನೆಲದ ಹಸಿಯನ್ನೇ ನಂಬಿ ಬೆಳೆಯುವ ಹಿಂಗಾರಿ ಜೋಳ, ಪುಣೆಯವರು ಹುರ್ಡಾ ಎನ್ನುವ ಸೀತನಿಯ (ಸುಟ್ಟು ತಿನ್ನುವ ಎಳೆಗಾಳಿನ) ಹಂತ ಮುಟ್ಟಿದ ಮೇಲೆ ಹಸಿ ಆರಿಯೋ ಬಿಸಿಲೇರಿಯೋ ಕಾಳು ಅಲ್ಲಿಗೇ ಬತ್ತಿದರೆ, ಅದಕ್ಕೆ ಒಕ್ಕಲಿಗರ ಬಾಯಲ್ಲಿ ಒಂದೇ ಮಾತಿದೆಯೇ? ಇದ್ದರೆ ಅದನ್ನು ಗೋಧಿಗೂ ಅನ್ನುತ್ತಾರೆಯೇ ಎಂಬುದನ್ನು, ಸಾಧ್ಯವಾದರೆ ಊರಿನ ಹೆಸರಿನೊಡನೆ, ತಿಳಿಸಬೇಕಾಗಿ ವಿನಂತಿ.