ವಂಕಿ ಹಾಕಿಸುವಾಗ ನೋವಿಗೆ ಏನಾದರೂ ಕೊಡ್ತಾರಾ?

ತುಂಗಾತೀರ:
ಮಗುವಿಗೆ ಎಂಟು ತಿಂಗಳು, ಇನ್ನೂ ಹಾಲು ಕುಡೀತಿದೆ. ಹೆರಿಗೆ ನೋವು ಶುರುವಾಗೋ ಮೊದಲೇ ಸಿಸೇರಿಯನ್ ಮಾಡಿದ್ದರು. ಈಗ ವಂಕಿ, ಅಂದರೆ ಬಸಿರು ತಡೆಯೋಕೆ ಗರ್ಭಕೋಶದೊಳಗೆ ಇಡೋ ಕಾಪರ್-ಟಿ ಹಾಕಿಸೋಣ ಅಂತ. ಡಾಕ್ಟರು "ಎರಡು ನಿಮಿಷದ ಕೆಲಸ, ಇರುವೆ ಕಚ್ಚಿದ ಹಾಗೆ" ಅಂದರು. ನಮ್ಮ ಓರಗಿತ್ತಿ ಮಾತ್ರ ಮೇಜಿನಿಂದ ಇಳಿದವಳೇ ತಲೆ ಸುತ್ತಿ ಕೂತುಬಿಟ್ಟಿದ್ದಳಂತೆ. ಯಾರನ್ನು ನಂಬಲಿ? ಮರಗಟ್ಟಿಸೋ ಇಂಜೆಕ್ಷನ್ ಕೇಳಿದರೆ ನಗ್ತಾರಾ?

ನಿವೃತ್ತ ಸಿಸ್ಟರ್, ಹಾಸನ:
ಇಬ್ಬರನ್ನೂ ನಂಬಮ್ಮ. ಸಹಜ ಹೆರಿಗೆ ಆದವರು ಎಷ್ಟೋ ಜನ "ಆಗೇ ಹೋಯ್ತಾ ಸಿಸ್ಟರ್?" ಅಂತ ಕೇಳಿದ್ದಾರೆ. ನಿನ್ನ ಹಾಗೆ ಗರ್ಭಕೋಶದ ಬಾಯಿ ಒಮ್ಮೆಯೂ ತೆರೆಯದವರಿಗೆ ನೋವು ಹೆಚ್ಚೇ ಇರಬಹುದು. ಇಕ್ಕಳದಲ್ಲಿ ಬಾಯಿ ಹಿಡಿದಾಗ ಚುರುಕ್ ಅನ್ನುತ್ತೆ. ತೆಳ್ಳನೆ ಸಲಾಕೆ ಬಿಟ್ಟು ಆಳ ಅಳೆಯುವಾಗ, ವಂಕಿ ಕೂರಿಸುವಾಗ ಕಿಬ್ಬೊಟ್ಟೆ ಹಿಂಡುತ್ತೆ. ಮುಟ್ಟಿನ ನೋವಿನ ಅಪ್ಪ ಅದು. ತಲೆಸುತ್ತು ನಾಟಕ ಅಲ್ಲ (ಹಾಗಂತ ಗದರುವವರನ್ನು ನೋಡಿದ್ದೇನೆ), ಆ ಜಾಗ ಕೆಣಕಿದರೆ ಕೆಲವರಿಗೆ ನಾಡಿ, ಬಿಪಿ ಇಳಿಯುತ್ತೆ. ಹಸಿದ ಹೊಟ್ಟೆಯಲ್ಲಿ ಹೋಗಬೇಡ, ಆದ ಕೂಡಲೇ ಏಳಬೇಡ. ಹಾಲುಣಿಸ್ತಿದ್ದೀನಿ ಅಂತ ಮೊದಲೇ ಹೇಳು. ಆಗ ಗರ್ಭಕೋಶ ತೂತಾಗೋ ಅಪಾಯ ತುಸು ಹೆಚ್ಚು, ಕೈ ಹಗುರ ಇರಬೇಕು.

ಪಿಜಿ ಓದುವವಳು, ಮಂಗಳೂರು:
ನಗುವಂಥದ್ದೇನಿಲ್ಲ ಅಕ್ಕಾ. ಗರ್ಭಕೋಶದ ಬಾಯಿಯ ಸುತ್ತ ಲಿಗ್ನೋಕೇನ್ ಅನ್ನೋ ಮರಗಟ್ಟಿಸೋ ಇಂಜೆಕ್ಷನ್ ಕೊಡಬಹುದು. ಆ ಚುಚ್ಚು ಕೂಡ ಉರಿಯುತ್ತೆ, ಅದು ಗೊತ್ತಿರಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ 2024ರ ಮಾರ್ಗಸೂಚಿಯಲ್ಲಿ ಇದರಿಂದ ನೋವು ಕಡಿಮೆಯಾಗಬಹುದು ಅಂದಿದೆ. ಜೆಲ್, ಸ್ಪ್ರೇ ಥರ ಹಚ್ಚುವ ಲಿಗ್ನೋಕೇನ್ ಕೂಡ. ಗರ್ಭಕೋಶದ ಬಾಯಿ ಮೆತ್ತಗಾಗಿಸೋ ಮಿಸೊಪ್ರೊಸ್ಟಾಲ್ ಮಾತ್ರೆ ಎಲ್ಲರಿಗೂ ಕೊಡೋದು ಬೇಡ ಅಂತಲೂ ಇದೆ, ಅದರಿಂದಲೇ ಹೊಟ್ಟೆನೋವು ಬರುತ್ತೆ. ನೋವಿನ ಮಾತ್ರೆ ಐಬುಪ್ರೊಫೆನ್, ವಂಕಿ ಹಾಕುವ ಗಳಿಗೆಗೆ ಅಷ್ಟು ಕೆಲಸಕ್ಕೆ ಬರಲ್ಲ, ಸಂಜೆಯ ಹಿಂಡಿಕೆಗೆ ಬೇಕು. ಹೊಟ್ಟೆಹುಣ್ಣು, ಅಸ್ತಮಾ ಇದ್ದರೆ ಕೇಳದೆ ನುಂಗಬೇಡಿ.

ತುಂಗಾತೀರ:
ಫೋನಲ್ಲಿ ಕೇಳಿದೆ. "ನಮ್ಮಲ್ಲಿ ಆ ಅಭ್ಯಾಸ ಇಲ್ಲಮ್ಮ" ಅಂದರು.

ನಿವೃತ್ತ ಸಿಸ್ಟರ್, ಹಾಸನ:
ಹಾಗಾದರೆ ಇನ್ನೊಂದು ಕಡೆ ವಿಚಾರಿಸು. 380ಎ ಅನ್ನೋ ಬಗೆಯ ಕಾಪರ್-ಟಿ ಹಾಕಿಸಿದರೆ 10 ವರ್ಷ ಇರೋ ವಸ್ತು, ಒಂದು ವಾರ ತಡವಾದರೆ ಊರು ಮುಳುಗಲ್ಲ. ಅಲ್ಲಿವರೆಗೆ ಯಜಮಾನರು ಕಾಂಡೋಮ್ ಹಾಕಲಿ. "ನಿಲ್ಲಿಸಿ ಅಂದರೆ ನಿಲ್ಲಿಸಬೇಕು" ಅಂತ ಮೇಜು ಹತ್ತೋ ಮೊದಲೇ ಮಾತಾಡಿಕೊ. ಆಮೇಲೆ ಜ್ವರ, ವಾಸನೆಯ ಬಿಳಿಸೆರಗು, ಏರುತ್ತಲೇ ಹೋಗೋ ನೋವು ಕಂಡರೆ ಅವತ್ತೇ ತೋರಿಸು.