ಉಣುಗಿಗೆ ಇಲಿ ಮಧ್ಯಂತರ, ದನ ಅಂತಿಮ ಆತಿಥೇಯವಾ?

ಪ್ರಶ್ನೆ (ಪ್ರಾಣಿಶಾಸ್ತ್ರ ವಿದ್ಯಾರ್ಥಿ, ತೀರ್ಥಹಳ್ಳಿ)
ಮಲೇರಿಯಾ ಪರಾವಲಂಬಿಗೆ ಸೊಳ್ಳೆ ಅಂತಿಮ ಆತಿಥೇಯ, ಮನುಷ್ಯ ಮಧ್ಯಂತರ ಆತಿಥೇಯ ಅಂತ ನೋಟ್ಸಲ್ಲಿದೆ. ನರಳೋದು ನಾವಲ್ವಾ? ಮಂಗನ ಕಾಯಿಲೆ ಹರಡೋ ಉಣುಗನ್ನು (ಉಣ್ಣೆ) ‘ಮೂರು ಆತಿಥೇಯದ ಉಣುಗು’ ಅಂತಾರೆ. ಇಲಿ, ಮಂಗ, ದನದಲ್ಲಿ ಯಾವುದು ಮಧ್ಯಂತರ?

ಉತ್ತರ 1
ಯಾರು ನರಳ್ತಾರೆ ಅನ್ನೋದು ಲೆಕ್ಕಕ್ಕಿಲ್ಲ. ಪರಾವಲಂಬಿಯ ಲೈಂಗಿಕ ಸಂತಾನೋತ್ಪತ್ತಿ ಎಲ್ಲಿ ನಡೆಯುತ್ತೆ, ಅದನ್ನಷ್ಟೇ ನೋಡಿ. ಅದು ನಡೆಯೋ ಜೀವಿ ಅಂತಿಮ ಆತಿಥೇಯ, ಅದಿಲ್ಲದೆ ಪರಾವಲಂಬಿ ಬೆಳೆಯೋ ಜೀವಿ ಮಧ್ಯಂತರ. ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂನ ಗಂಡು–ಹೆಣ್ಣು ಕೋಶ ಕೂಡೋದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ. ನಮ್ಮ ಯಕೃತ್ತು, ಕೆಂಪು ರಕ್ತಕಣದಲ್ಲಿ ಅದು ಬರೀ ಒಡೆದು ಒಡೆದು ಹೆಚ್ಚುತ್ತೆ.

ದನದ ಲಿವರ್ ಫ್ಲೂಕ್ ತಗೊಳ್ಳಿ. ಚಪ್ಪಟೆ ಹುಳ ಪಿತ್ತನಾಳದಲ್ಲಿ ಬಲಿತು ಮೊಟ್ಟೆ ಇಡುತ್ತೆ, ಹಾಗಾಗಿ ದನ ಅಂತಿಮ. ಸಗಣಿ ಜೊತೆ ಗದ್ದೆ ನೀರಿಗೆ ಬಿದ್ದ ಮೊಟ್ಟೆಯಿಂದ ಹೊರಟ ಮರಿ ಬಸವನಹುಳು ಒಳಗೆ ಹೊಕ್ಕು ಹೆಚ್ಚುತ್ತೆ, ಅದು ಮಧ್ಯಂತರ. ಆಮೇಲೆ ಹೊರಗೆ ಬಂದು ಹುಲ್ಲಿನ ಬುಡಕ್ಕೆ ಗೂಡು ಕಟ್ಟಿ ಕೂರುತ್ತೆ. ಗದ್ದೆ ಬದುವಿನ ಹಸಿ ಹುಲ್ಲು ಮೇಯಿಸಿದರೆ ದನದ ಹೊಟ್ಟೆ ಸೇರೋದು ಇದೇ. ದನದ ಗದ್ದದಡಿ ನೀರು ತುಂಬಿ ಊದಿದ್ದರೆ ಫ್ಲೂಕ್ ಅನುಮಾನ ಬರಬೇಕು. ಐವರ್ಮೆಕ್ಟಿನ್ ಇದಕ್ಕೆ ನಾಟೋದಿಲ್ಲ. ಉಣುಗು, ದುಂಡುಹುಳಕ್ಕೆ ಆಗುವ ಔಷಧಿ ಚಪ್ಪಟೆ ಹುಳಕ್ಕೆ ಆಗಲ್ಲ. ವರ್ಗೀಕರಣ ಕೊಟ್ಟಿಗೆಯಲ್ಲಿ ಉಪಯೋಗಕ್ಕೆ ಬರೋದು ಇಲ್ಲೇ.

ಉತ್ತರ 2
ಉಣುಗಿನ ವಿಷಯಕ್ಕೆ ಮಧ್ಯಂತರ, ಅಂತಿಮ ಎರಡನ್ನೂ ತರಬೇಡಿ. ‘ಮೂರು ಆತಿಥೇಯ’ ಅಂದ್ರೆ ಮೂರು ಸಲ ಊಟ, ಪ್ರತಿ ಊಟಕ್ಕೂ ಬೇರೆ ಪ್ರಾಣಿ. ಮಂಗನ ಕಾಯಿಲೆ ಉಣುಗು ಹೀಮಾಫೈಸಾಲಿಸ್ ಸ್ಪಿನಿಗೆರಾದ ಆರು ಕಾಲಿನ ಮರಿ ಇಲಿ, ಹಕ್ಕಿ, ಮಂಗದ ರಕ್ತ ಕುಡಿದು ನೆಲಕ್ಕುದುರಿ ಪೊರೆ ಕಳಚುತ್ತೆ. ಎಂಟು ಕಾಲಿನ ನಿಂಫ್ (ಇನ್ನೂ ಬಲಿಯದ ನಡುವಿನ ಹಂತ) ಆಗಿ ಇನ್ನೊಂದನ್ನು ಹತ್ತುತ್ತೆ, ಮತ್ತೆ ಉದುರುತ್ತೆ. ಬಲಿತದ್ದು ದನದಂಥ ದೊಡ್ಡ ಪ್ರಾಣಿ ಹುಡುಕುತ್ತೆ. ಕೊಟ್ಟಿಗೆಯ ಮಾಮೂಲಿ ಉಣುಗು ಹಾಗಲ್ಲ, ಸುಮಾರು ಮೂರು ವಾರ ಒಂದೇ ದನದ ಮೈಮೇಲೆ ಮೂರೂ ಹಂತ ಮುಗಿಸುತ್ತೆ. ಅದಕ್ಕೇ ದನಕ್ಕೆ ಔಷಧಿ ಹೊಡೆದರೆ ಇದು ಹತೋಟಿಗೆ ಬರುತ್ತೆ. ಕಾಡಿನದು ಬಾಳಿನ ಬಹುಪಾಲು ದರಗಿನ (ಒಣ ಎಲೆ) ಅಡಿಯಲ್ಲೇ ಕಳೆಯುತ್ತೆ, ದನಕ್ಕೆ ಮಾತ್ರ ಹೊಡೆದು ಮುಗಿಯೋದಲ್ಲ.

ಉತ್ತರ 3
ಒಂದು ಸೇರಿಸ್ತೀನಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ಮಂಗನ ಕಾಯಿಲೆ ತರುವ ವೈರಸ್. ಉಣುಗು ಪರಾವಲಂಬಿಯೂ ಹೌದು, ಆ ವೈರಸ್ಸಿನ ವಾಹಕವೂ ಹೌದು. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆದೇ ಅಂಕ ಹೋಗೋದು. ಮಂಗನಲ್ಲಿ ವೈರಸ್ ವಿಪರೀತ ಹೆಚ್ಚುತ್ತೆ. ಮಂಗ ಸತ್ತರೆ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರುತ್ತೆ. ಆ ಜಾಗದ ದರಗು ಗುಡಿಸಿ ತರಬಾರದು, ಹೆಣ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ದನ ವೈರಸ್ ಹರಡೋದರಲ್ಲಿ ದೊಡ್ಡ ಪಾತ್ರ ವಹಿಸಲ್ಲ, ಉಣುಗಿನ ಸಂಖ್ಯೆ ಸಾಕುತ್ತೆ ಅಷ್ಟೆ. ಮನುಷ್ಯ ಕೊನೆ ನಿಲ್ದಾಣ, ಒಬ್ಬರಿಂದೊಬ್ಬರಿಗೆ ದಾಟಲ್ಲ. ‘ಅಂತಿಮ ಆತಿಥೇಯ’ ಅನ್ನೋದೇ ಬೇರೆ, ಈ ಕೊನೆ ನಿಲ್ದಾಣವೇ ಬೇರೆ.

ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೀರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಲ್ಲಿ ಕುಕ್ಕಲೂ ಬೇಡ.

ಪ್ರಶ್ನೆ ಕೇಳಿದವರು
ಹಾಗಿದ್ರೆ ಇಂಬಳ (ಜಿಗಣೆ)?

ಉತ್ತರ 2
ಹೊರಪರಾವಲಂಬಿ, ಅದೂ ತಾತ್ಕಾಲಿಕ: ಹೊಟ್ಟೆ ತುಂಬಿದರೆ ತಾನೇ ಬಿಡುತ್ತೆ. ಎರೆಹುಳುವಿನ ವಂಶ, ಉಣುಗು ಜೇಡದ ಕಡೆಯದು. ಕೀಟ ಅಂತ ಎರಡನ್ನೂ ಬರೀಬೇಡಿ.