ಕೇಬಲ್ ವೈರ್ ಮುಟ್ಟಿದರೆ ಜುಮ್ ಅನ್ನುತ್ತದೆ, ಗುಡುಗು ಬಂದಾಗ ಎಚ್‌ಡಿಎಂಐ ಪೋರ್ಟ್ ಸುಡುತ್ತದೆ

ನಾಗರಭಾವಿ_ಮನೆ:
ಮೊನ್ನೆಯ ಗುಡುಗು ಮಳೆಯಲ್ಲಿ ಟಿವಿಗೆ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್ ಮತ್ತೆ ಹೋಯಿತು. ಕಳೆದ ಮೇ ತಿಂಗಳಲ್ಲೂ ಇದೇ ಕಥೆ. ಸ್ಪೈಕ್ ಬಸ್ಟರ್ ಇದೆ, ಸ್ಟೆಬಿಲೈಸರ್ ಇದೆ, 30 ಮಿಲಿ ಆಂಪಿಯರ್ ಸೋರಿದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದೆ. ಅರ್ಥಿಂಗ್ ಚೆನ್ನಾಗಿದೆ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಆದರೂ ಕೇಬಲ್ ವೈರ್ ತುದಿಯ ಲೋಹ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮನೆಯಲ್ಲಿ ಚಿಕ್ಕ ಮಗು ಇದೆ, ಭಯವಾಗುತ್ತದೆ. ಏನು ಮಾಡಲಿ?

ಕೆಂಪುಮಣ್ಣು:
ಗುರು, ಅರ್ಥ್ ಪಿಟ್, ಅಂದರೆ ಅರ್ಥಿಂಗ್ ಪೈಪ್ ಹೂತ ಗುಂಡಿ, ಒಣಗಿದೆ. ಬೇಸಿಗೆಯಲ್ಲಿ ನಮ್ಮ ಬೆಂಗಳೂರಿನ ಮಣ್ಣು ಕಲ್ಲಿನಂತೆ ಆಗುತ್ತದೆ. ದಿನಾ ನೀರು ಹಾಕಿ. ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್‌ಗೂ ಮಧ್ಯೆ ಎಷ್ಟು ವೋಲ್ಟ್ ಇದೆ?

ನಾಗರಭಾವಿ_ಮನೆ:
2 ವೋಲ್ಟ್, ಕಡಿಮೆಯೇ. ನೀರು ಹಾಕಿಯೂ ಆಯಿತು. ಜುಮ್ ಹಾಗೇ ಇದೆ.

ಕೆಂಪುಮಣ್ಣು:
ಹಾಗಾದರೆ ಪಿಟ್ ತೆಗೆಸಿ ಹೊಸದಾಗಿ ಉಪ್ಪು, ಇದ್ದಿಲು ತುಂಬಿಸಿ. ಬೇರೆ ಏನೂ ಅಲ್ಲ.

ತಾಮ್ರದ_ಪಟ್ಟಿ:
ಉಪ್ಪು ಯಾಕೆ? ಮಳೆ ನೀರಿಗೆ ಕರಗಿ ಹೋಗುತ್ತದೆ. ಅದಕ್ಕೂ ಮುಂಚೆ ಸತು ಲೇಪಿಸಿದ ಕಬ್ಬಿಣದ ಜಿಐ ಪೈಪನ್ನು ತಿನ್ನುತ್ತದೆ. ಹಾಕುವುದಾದರೆ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ಹಾಕಿಸಿ.

ಕೆಂಪುಮಣ್ಣು:
ನಮ್ಮ ತಂದೆ ಹಾಕಿಸಿದ ಉಪ್ಪು-ಇದ್ದಿಲಿನ ಪಿಟ್ ಇವತ್ತಿಗೂ ಕೆಲಸ ಮಾಡುತ್ತಿದೆ ಸರ್. ಅಂಗಡಿಯವರು ಹೇಳಿದ್ದೆಲ್ಲ ನಂಬಬೇಡಿ.

ತಾಮ್ರದ_ಪಟ್ಟಿ:
ಒಮ್ಮೆ ಅಗೆದು ಪೈಪ್ ನೋಡಿ, ಆಮೇಲೆ ಮಾತಾಡೋಣ.

ಎಫ್_ಕನೆಕ್ಟರ್:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಪಿಟ್‌ನ ರೆಸಿಸ್ಟೆನ್ಸ್ 1,000 ಓಮ್ ಇದ್ದರೂ 30 ಮಿಲಿ ಆಂಪಿಯರ್ ಹರಿದಾಗ ಬರುವುದು 30 ವೋಲ್ಟ್, ಅಷ್ಟರಲ್ಲಿ ಆರ್‌ಸಿಸಿಬಿ ಬೀಳುತ್ತದೆ. ಈ ಜುಮ್‌ಗೂ ಪಿಟ್‌ಗೂ ಸಂಬಂಧ ಕಡಿಮೆ.

ನಿಮ್ಮ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗೆ ಎರಡೇ ಪಿನ್ ಇರಬೇಕು, ಅಲ್ವಾ? ಅದರೊಳಗಿನ ಸಣ್ಣ ಕೆಪಾಸಿಟರ್ ಮೂಲಕ ತುಸು ಕರೆಂಟ್ ಬಾಕ್ಸ್‌ನ ಲೋಹಕ್ಕೆ ಸೋರುತ್ತದೆ. ಅರ್ಥ್ ಪಿನ್ ಇಲ್ಲದ ಕಾರಣ ಅದಕ್ಕೆ ಹೋಗಲು ಜಾಗ ಇಲ್ಲ. ಅದೇ ಕೇಬಲ್‌ಗೆ ಸೇರಿದ ಬೇರೆ ಮನೆಗಳ ಬಾಕ್ಸ್‌ಗಳಿಂದಲೂ ಹೀಗೇ ಸೋರುತ್ತದೆ. ಕೇಬಲ್‌ನ ಹೊರ ಲೋಹದ ಹೆಣಿಗೆ ಪೂರ್ತಿ ಆ ವೋಲ್ಟೇಜ್‌ನಲ್ಲೇ ತೇಲುತ್ತದೆ. ಅಡಾಪ್ಟರ್ ಸರಿ ಇದ್ದರೆ ಇದು ಬರೀ ಜುಮ್. ಆದರೆ ಕೇಬಲ್‌ನವರು ಕಂಬದ ಮೇಲೆ ಇಟ್ಟ, ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಕೆಟ್ಟಿದ್ದರೂ ಹೀಗೇ ಅನ್ನಿಸುತ್ತದೆ. ಅದು ನಿಜವಾಗಿ ಅಪಾಯ. ಎರಡನ್ನೂ ಬೇರೆ ಮಾಡಿ ನೋಡಲೇಬೇಕು.

ಹೊರಗಿನಿಂದ ಬರುವ ವೈರನ್ನು ಬಾಕ್ಸ್‌ನಿಂದ ಬಿಚ್ಚಿ. ಅದರ ಹೆಣಿಗೆಗೂ ಸಾಕೆಟ್‌ನ ಅರ್ಥ್ ಪಿನ್‌ಗೂ ಮಧ್ಯೆ ಎಲೆಕ್ಟ್ರಿಷಿಯನ್ ಕೈಲಿ ವೋಲ್ಟೇಜ್ ಅಳೆಸಿ. ಆಮೇಲೆ ಆ ಎರಡರ ಮಧ್ಯೆ 15 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸೇರಿಸಿ ಮತ್ತೆ ಅಳೆಸಿ. ವೋಲ್ಟೇಜ್ ಬಿದ್ದುಹೋದರೆ ಬರೀ ಸೋರಿಕೆ. ಬೀಳದಿದ್ದರೆ ವೈರ್ ಮುಟ್ಟಬೇಡಿ, ಕೇಬಲ್‌ನವರನ್ನು ಕರೆಸಿ.

ನಾಗರಭಾವಿ_ಮನೆ:
ಧನ್ಯವಾದ ಮೇಡಂ. 60 ವೋಲ್ಟ್ ಇತ್ತು. ಬಲ್ಬ್ ಹಾಕಿದ ತಕ್ಷಣ 1 ವೋಲ್ಟ್‌ಗಿಂತ ಕೆಳಗೆ ಬಂತು. ಡಿಶ್‌ನ ವೈರ್‌ನಲ್ಲಿ ಮಾತ್ರ ಏನೂ ಇಲ್ಲ.

ಎಫ್_ಕನೆಕ್ಟರ್:
ಡಿಶ್ ಕೂಡ ಇದೆಯಾ?

ನಾಗರಭಾವಿ_ಮನೆ:
ಹೌದು, ಅಪ್ಪ ಅಮ್ಮನಿಗಾಗಿ. ಅದೂ ಅದೇ ಟಿವಿಗೆ. ಟೆರೇಸ್‌ನ ಡಿಶ್ ಕಂಬಕ್ಕೆ ಸಿಡಿಲಿನ ರಕ್ಷಣೆಗೆ ಹಿತ್ತಲಲ್ಲಿ ಬೇರೆ ರಾಡ್ ಹೊಡೆಸಿದ್ದೇವೆ. ಕೇಬಲ್ ಪಕ್ಕದ ಬಿಲ್ಡಿಂಗ್‌ನಿಂದ ಮೇಲೇ ಬರುತ್ತದೆ. ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ?

ಎಫ್_ಕನೆಕ್ಟರ್:
ಪೋರ್ಟ್ ಸುಡುವುದು ಇದರಿಂದಲೇ. ಜುಮ್ ಬೇರೆ, ಇದು ಬೇರೆ. ಹಿತ್ತಲ ರಾಡ್ ಮತ್ತು ಮೀಟರ್ ಬೋರ್ಡ್‌ನ ಅರ್ಥ್ ಒಂದಕ್ಕೊಂದು ಸೇರಿಲ್ಲ. ಹತ್ತಿರ ಎಲ್ಲೋ ಸಿಡಿಲು ಬಡಿದು ಒಂದು ರಾಡ್‌ನಲ್ಲಿ 1,000 ಆಂಪಿಯರ್ ಇಳಿಯಿತು ಎನ್ನಿ. ರಾಡ್ 10 ಓಮ್ ಇದ್ದರೆ ಆ ಕ್ಷಣ ಅಲ್ಲಿ 10,000 ವೋಲ್ಟ್. ಇನ್ನೊಂದು ಅರ್ಥ್‌ನಲ್ಲಿ ಅಷ್ಟು ಇಲ್ಲ. ಈ ಎರಡೂ ಸೇರುವ ಜಾಗ ನಿಮ್ಮ ಟಿವಿಯ ಹಿಂಭಾಗ. ಸ್ಪೈಕ್ ಬಸ್ಟರ್ ಕಾಯುವುದು ಕರೆಂಟ್ ದಾರಿಯನ್ನು ಮಾತ್ರ. ಕೇಬಲ್ ದಾರಿ ತೆರೆದೇ ಇದೆ.

ಹಿತ್ತಲ ರಾಡ್ ಕೀಳಬೇಡಿ. ದಪ್ಪ ತಾಮ್ರದ ವೈರ್‌ನಿಂದ, 16 ಚದರ ಮಿಮೀ ಇರಲಿ, ಮುಖ್ಯ ಅರ್ಥ್‌ಗೆ ಸೇರಿಸಿ. ಕೇಬಲ್ ಮತ್ತು ಡಿಶ್ ವೈರ್ ಎರಡೂ ಮೀಟರ್ ಬೋರ್ಡ್ ಪಕ್ಕದಿಂದಲೇ ಒಳಗೆ ಬರಲಿ. ಅಲ್ಲೇ ಗ್ರೌಂಡ್ ಬ್ಲಾಕ್ (ವೈರ್‌ಗಳ ಹೆಣಿಗೆಯನ್ನು ಅರ್ಥ್‌ಗೆ ಸೇರಿಸುವ ಲೋಹದ ಜೋಡಣೆ) ಹಾಕಿ, ಉದ್ದ ಕಡಿಮೆ ಇರುವ ವೈರ್‌ನಿಂದ ಅರ್ಥ್ ಪಟ್ಟಿಗೆ ಕಟ್ಟಿ. ಆಗ ಜುಮ್ ಕೂಡ ನಿಲ್ಲುತ್ತದೆ.

ಕೆಂಪುಮಣ್ಣು:
ಟಿವಿ ಹತ್ತಿರದ ಸಾಕೆಟ್‌ನ ಅರ್ಥ್‌ಗೇ ಕಟ್ಟಿದರೆ ಸಾಲದಾ? ಸುಮ್ನೆ ಯಾಕೆ ಗೋಡೆ ಕೊರೆಯುವುದು?

ತಾಮ್ರದ_ಪಟ್ಟಿ:
ಜುಮ್‌ಗೆ ಸಾಕು, ಸಿಡಿಲಿಗೆ ಸಾಲದು. ಉದ್ದ ವೈರ್‌ನಲ್ಲಿ ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಬೇಗ ಏರುವುದನ್ನು ತಡೆಯುವ ಗುಣ) ಇರುತ್ತದೆ. ಮಿಂಚಿನ ವೇಗದ ಏರಿಕೆಗೆ ಅದೇ ದೊಡ್ಡ ತಡೆ. ಅಮೆರಿಕದ ವಿದ್ಯುತ್ ನಿಯಮಾವಳಿಯಾದ ಎನ್‌ಇಸಿಯಲ್ಲಿ ಮನೆಯ ಕೇಬಲ್ ಬಾಂಡಿಂಗ್ ವೈರ್ (ಹೆಣಿಗೆಯನ್ನು ಅರ್ಥ್‌ಗೆ ಸೇರಿಸುವ ವೈರ್) 20 ಅಡಿ ಮೀರಬಾರದು ಎಂದು ಇರುವುದು ಇದಕ್ಕೇ. ನಮ್ಮ ದೇಶದ ಅರ್ಥಿಂಗ್ ಮಾನದಂಡ ಐಎಸ್ 3043 ಕೂಡ ಲೋಹದ ಭಾಗಗಳನ್ನೆಲ್ಲ ಒಂದೇ ಅರ್ಥ್‌ಗೆ ಸೇರಿಸಿ ಎನ್ನುತ್ತದೆ.

ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ಜಯನಗರದ ನನ್ನ ರೇಡಿಯೋ ಕೋಣೆಯಲ್ಲಿ ಆಂಟೆನಾ, ಅದನ್ನು ತಿರುಗಿಸುವ ರೋಟರ್, ಲ್ಯಾನ್, ಪವರ್ ಎಲ್ಲವೂ ಕಿಟಕಿಯ ಬಳಿ ಒಂದೇ ತಾಮ್ರದ ತಗಡಿನ ಮೂಲಕ ಒಳಗೆ ಬರುತ್ತವೆ. ಪ್ರತಿ ಆಂಟೆನಾ ಕೇಬಲ್‌ಗೂ ಸಿಡಿಲಿನ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಇದೆ. ಕೆಳಗೆ ಮೂರು ರಾಡ್, ಮೂರೂ ತಾಮ್ರದ ಪಟ್ಟಿಯಲ್ಲಿ ಮುಖ್ಯ ಅರ್ಥ್‌ಗೆ ಸೇರಿವೆ. ಬೇಕಾದರೆ ಫೋಟೋ ಹಾಕುತ್ತೇನೆ.

ಕೆಂಪುಮಣ್ಣು:
ಹಾಕಿ ಸರ್. ಪಿಟ್‌ದೂ ಹಾಕಿ.

ವೈರ್‌ಮ್ಯಾನ್_ವಿಜಯನಗರ:
ಒಂದು ಮಾತು. ಕೇಬಲ್ ಪಕ್ಕದ ಬಿಲ್ಡಿಂಗ್‌ನಿಂದ ಬರುತ್ತಿದೆ. ಅಲ್ಲಿನ ಅರ್ಥ್ ಬೇರೆ. ಅಲ್ಲಿ ನ್ಯೂಟ್ರಲ್ ಲೂಸ್ ಆದರೆ ನೀವು ಕಟ್ಟಿದ ಕೇಬಲ್ ಹೆಣಿಗೆಯಲ್ಲೇ ಅವರ ಕರೆಂಟ್ ವಾಪಸ್ ಬರಬಹುದು. ವೈರ್ ಬಿಸಿಯಾಗುವುದನ್ನು ನಾನೇ ನೋಡಿದ್ದೇನೆ. ಬಾಂಡಿಂಗ್ ಮಾಡಿದ ಮೇಲೆ ಆ ವೈರ್‌ಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡಲೇಬೇಕು. ಕರೆಂಟ್ ಇದ್ದರೆ, ಸಿಗ್ನಲ್ ಸಾಗಿಸಿ ಆ ಕರೆಂಟ್ ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಬೇಕು.

ಎಫ್_ಕನೆಕ್ಟರ್:
ಇದು ಮುಖ್ಯವಾದ ಮಾತು. ನನ್ನ ಕೇಳಿದರೆ ಆ ಕೇಬಲ್ ಬಿಟ್ಟು ಫೈಬರ್‌ಗೆ ಹೋಗಿ. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಫೈಬರ್ ಜೊತೆ ಬರುವ ಸ್ಟೀಲ್ ತಂತಿಯನ್ನು ಹೊರಗಿನ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಲು ಹೇಳಿ. ಅದು ಮನೆಯೊಳಗೆ ಬರಬಾರದು.

ನಾಗರಭಾವಿ_ಮನೆ:
ಕೇಬಲ್ ತೆಗೆಸುತ್ತೇನೆ. ಹಿತ್ತಲ ರಾಡ್ ಸೇರಿಸುವ ಕೆಲಸ ಭಾನುವಾರ. ಗ್ರೌಂಡ್ ಬ್ಲಾಕ್ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದಾ?

ವೈರ್‌ಮ್ಯಾನ್_ವಿಜಯನಗರ:
ಡಿಶ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಮೇನ್ ಬೋರ್ಡ್‌ಗೆ ವೋಲ್ಟೇಜ್ ಜಿಗಿತ ತಡೆಯುವ ಎಸ್‌ಪಿಡಿ ಕೂಡ ಹಾಕಿಸಿ.

ಕೆಂಪುಮಣ್ಣು:
ಪಿಟ್ ರೀಡಿಂಗ್ ಕೂಡ ಒಮ್ಮೆ ತೆಗೆಸಿಬಿಡಿ ಗುರು.

ಹೊಸಬ_ಆರ್‌ಟಿನಗರ:
ನಮ್ಮ ಮನೆಗೆ ಇಂಟರ್‌ನೆಟ್ ಎದುರು ಟೆರೇಸ್‌ನಿಂದ ಲ್ಯಾನ್ ವೈರ್‌ನಲ್ಲೇ ಬರುತ್ತದೆ. ಮಳೆಗಾಲದಲ್ಲಿ ರೂಟರ್ ಪೋರ್ಟ್ ಹೋಗುತ್ತಲೇ ಇರುತ್ತದೆ. ಅದಕ್ಕೂ ಹೀಗೇ ಬ್ಲಾಕ್ ಇದೆಯಾ?